ಮಂಗಸೂಳಿ ವಸ್ತಿ ಬಸ್ಸಿನ ಜೋಡಿ

ಬಸ್ ಡಿಪೋ ಎಂದರೆ ಡೀಸೆಲ್ಲು, ಟೈರು, ಎಂಜಿನ್ನು ಎಂದುಕೊಂಡು ಕೆಲಸಕ್ಕೆ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ನು ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. ಟೈರು ಕೂತರೆ ಸ್ಟೆಪ್ನಿ ಇರುತ್ತದೆ. ಡ್ರೈವರನಿಗೂ ಕಂಡಕ್ಟರನಿಗೂ ಕೆಟ್ಟರೆ ಯಾರೂ ಬರುವುದಿಲ್ಲ, ಕಂಟ್ರೋಲರನೇ ಕುರ್ಚಿ ಬಿಟ್ಟು ಏಳಬೇಕು. ಎಂಬತ್ತರ ದಶಕದ ಆರಂಭದಿಂದ ತೊಂಬತ್ತರ ದಶಕ ಮುಗಿಯುತ್ತ ಬರುವವರೆಗೆ ನಾನು ಆ ಕುರ್ಚಿಯಲ್ಲಿ ಕುಳಿತಿದ್ದೆ. ಕುಳಿತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು.

ಯಾವ ಊರಿನ ಡಿಪೋ ಎಂದು ಮಾತ್ರ ಕೇಳಬೇಡಿ. ನಾನು ಹೇಳಲಿರುವ ಮಂದಿಯ ಮಕ್ಕಳು, ಅಳಿಯಂದಿರು ಇನ್ನೂ ಆ ಕಡೆ ಓಡಾಡಿಕೊಂಡಿದ್ದಾರೆ, ನನಗೂ ಸಂತೆಗೆ ಹೋಗಿ ಬರಬೇಕಾಗುತ್ತದೆ. ನಮ್ಮ ಬಸ್ಸುಗಳು ಒಂದು ಕಡೆ ಚಿಕ್ಕೋಡಿ, ನಿಪ್ಪಾಣಿಯವರೆಗೆ, ಇನ್ನೊಂದು ಕಡೆ ರಾಯಬಾಗ, ಅಥಣಿ, ಕಾಗವಾಡದವರೆಗೆ ಓಡುತ್ತಿದ್ದವು ಎಂದರೆ ಸಾಕು.

ಕಂಟ್ರೋಲರನ ಕೆಲಸದಲ್ಲಿ ಕಷ್ಟದ್ದು ಜೋಡಿ ಹಾಕುವುದು. ಯಾವ ಡ್ರೈವರ್ ಜೊತೆ ಯಾವ ಕಂಡಕ್ಟರ್ ಹೋಗಬೇಕು ಎಂದು ದಿನಾ ಸಂಜೆ ನಾನು ನಿರ್ಧರಿಸಬೇಕಿತ್ತು. ಈಗ ಅದಕ್ಕೆ ರೊಟೇಷನ್ ಇದೆ, ಚಾರ್ಟು ಇದೆ, ಪಾಳಿ ಬಂದವನು ಹೋಗುತ್ತಾನೆ, ಯಾರೂ ತಕರಾರು ಮಾಡುವಂತಿಲ್ಲ. ನಮ್ಮ ಕಾಲಕ್ಕೆ ಅದೆಲ್ಲ ತಲೆಯಲ್ಲೇ ಇತ್ತು. ಒಬ್ಬನಿಗೆ ಬೀಡಿ ವಾಸನೆ ಆಗದು, ಇನ್ನೊಬ್ಬ ಬೀಡಿ ಇಲ್ಲದೆ ಗಿಯರ್ ಹಾಕ. ಒಬ್ಬ ಹಾಡುತ್ತ ಟಿಕೆಟ್ ಹರಿಯುತ್ತಾನೆ, ಇನ್ನೊಬ್ಬನಿಗೆ ಹಾಡು ಕೇಳಿದರೆ ತಲೆನೋವು. ನನ್ನ ಹೆಂಡತಿ ಒಮ್ಮೆ, "ಇಷ್ಟ ಲಕ್ಷ್ಯ ಕೊಟ್ಟ ಮಗಳಿಗಿ ವರ ನೋಡಿದ್ರ ಎಷ್ಟ ಛಲೋ ಇತ್ತ" ಎಂದು ಚುಚ್ಚಿದ್ದಳು. ಮಗಳ ಮದುವೆಗೆ ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ ಎಂಬುದು ನಿಜವೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಜಗಳ ಬಿಡಿಸುವುದೆಂದರೆ ಬಹಳ ಸುಲಭದ ಕೆಲಸ ಅನ್ನಿಸಿತ್ತು. ಇಬ್ಬರನ್ನೂ ಕರೆಯುವುದು, ಕೈಗೆ ಕೈ ಕೊಡಿಸುವುದು, ಮುಗಿಯಿತು. ಈ ಭ್ರಮೆ ಬಿಡಿಸಿದ್ದು ಒಂದು ಪಾನಾ.

ಗ್ಯಾರೇಜಿನಲ್ಲಿ ದಸ್ತಗೀರ ಎಂಬ ಹಿರಿಯ ಮೆಕ್ಯಾನಿಕ್ ಇದ್ದ. ನಟ್ಟು ಬಿಚ್ಚುವ ಅವನ ಪಾನಾ ಡಿಪೋದ್ದಲ್ಲ, ಸ್ವಂತದ್ದು. ಅದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದ. ಒಂದು ದಿನ ಶಿವಪ್ಪ ಎಂಬ ಇನ್ನೊಬ್ಬ ಮೆಕ್ಯಾನಿಕ್ ಅದನ್ನು ಕೇಳದೆ ತೆಗೆದುಕೊಂಡ. ಕೆಲಸ ಮುಗಿಸಿ ಎಂಜಿನ್ನಿನ ಮೇಲೆಯೇ ಮರೆತು ಬಾನೆಟ್ ಮುಚ್ಚಿದ. ಪಾನಾ ನಿಪ್ಪಾಣಿ ನೋಡಿಕೊಂಡು ಮರುದಿನ ತಿರುಗಿ ಬಂತು. ಅಷ್ಟರಲ್ಲಿ ಇವರಿಬ್ಬರೂ ಒಬ್ಬರ ಮನೆತನವನ್ನು ಒಬ್ಬರು ಪೂರ್ತಿ ಜಾಲಾಡಿ ಮುಗಿಸಿದ್ದರು. ನಾನು ಬೆಳಿಗ್ಗೆ ಹಾಜರಿಯ ಹೊತ್ತಿಗೆ ಇಡೀ ಗ್ಯಾರೇಜಿನ ಎದುರು ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎದೆ ಉಬ್ಬಿಸಿಕೊಂಡು ನನ್ನ ಕಂಟ್ರೋಲರ್ ಕಿಟಕಿಗೆ ಬಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರೂ ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದರು.

ಆಗ ನಮ್ಮಲ್ಲಿ ಮೈಸೂರು ಕಡೆಯಿಂದ ಬಂದ ಮ್ಯಾನೇಜರ್ ಇದ್ದರು. ನಮ್ಮ ಭಾಷೆ ಅವರಿಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಮಂದಿ ಮಾತ್ರ ಪೂರ್ತಿ ಅರ್ಥವಾಗುತ್ತಿದ್ದರು. ಸಂಜೆ ನನ್ನನ್ನು ಕರೆದು ಕೂರಿಸಿದರು.

"ಗುರುಪಾದಪ್ಪನವರೇ, ಹತ್ತು ಜನರ ಎದುರಿಗೆ ರಾಜಿ ಮಾಡಿಸಿದ್ರೆ ಇಬ್ಬರಿಗೂ ಸೋತ ಹಾಗೆ ಅನ್ಸುತ್ತೆ ಕಣ್ರೀ. ಒಬ್ಬೊಬ್ಬರನ್ನೇ ಕರೀರಿ. ಯಾರದು ತಪ್ಪು ಅಂತ ಕೇಳಬೇಡಿ. ಏನಾಯ್ತು ಅಂತ ಕೇಳಿ."

ಹಾಗೆ ಕೇಳಿದಾಗ ದಸ್ತಗೀರ ಹೇಳಿದ್ದು ಇಷ್ಟೇ: "ಅದು ನನ್ನ ಉಸ್ತಾದನ ಕೈಯಾಗಿಂದರಿ. ಸಾಯೂ ಮುಂದ ನನಗ ಕೊಟ್ಟಿದ್ದ." ಶಿವಪ್ಪನಿಗೆ ಇದು ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೆ ಆತ ಹೋಗಿ ಎರಡು ಕಪ್ ಚಹಾ ತಂದು ಒಂದನ್ನು ದಸ್ತಗೀರನ ಹತ್ತಿರ ಇಟ್ಟ. ಆಮೇಲೆ ಅವರಿಬ್ಬರ ನಡುವೆ ಮಾತೇ ಬೇಕಾಗಲಿಲ್ಲ. ಪಾನಾ ಬೇಕಾದಾಗ ಶಿವಪ್ಪ ಕೈ ಚಾಚುತ್ತಿದ್ದ, ದಸ್ತಗೀರ ಬಟ್ಟೆ ಬಿಚ್ಚಿ ಕೊಡುತ್ತಿದ್ದ.

ಈ ಪಾಠ ನನಗೆ ಪೂರ್ತಿ ಹತ್ತಿತು ಎಂದುಕೊಂಡಿದ್ದೆ. ಹತ್ತಿರಲಿಲ್ಲ ಎಂದು ತೋರಿಸಿಕೊಟ್ಟವರು ಜಿನ್ನಪ್ಪ ಮತ್ತು ತುಕಾರಾಮ.

ಜಿನ್ನಪ್ಪ ಡ್ರೈವರ್. ಭೋಜ ಎಂಬ ಊರಿನವನು, ಜೈನರ ಮನೆತನ. ಊರಲ್ಲಿ ಕಬ್ಬಿನ ಹೊಲ ಇತ್ತು, ಅಣ್ಣತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಇವನಿಗೆ ಮಾತ್ರ ಸ್ಟೀರಿಂಗ್ ಹುಚ್ಚು. ತುಕಾರಾಮ ಕಂಡಕ್ಟರ್, ಕಾಗವಾಡ ಕಡೆಯವನು. ಹೊಲ ಮನೆ ಏನೂ ಇಲ್ಲ, ಇವನ ಪಗಾರದ ಮೇಲೆ ಮುಪ್ಪಿನ ತಾಯಿ, ಹೆಂಡತಿ, ಮಕ್ಕಳು, ಗಂಡ ಸತ್ತ ತಂಗಿ ಎಲ್ಲರೂ ಇದ್ದರು. ಪ್ರಯಾಣಿಕರ ಜೊತೆ ಕನ್ನಡ, ಮನೆಯಲ್ಲಿ ಮರಾಠಿ. ಇಬ್ಬರೂ ವರ್ಷಾನುಗಟ್ಟಲೆ ಜೋಡಿ. ಮಧ್ಯಾಹ್ನ ಸತ್ತಿಗೆ ಹೋಗಿ, ಅಲ್ಲಿಂದ ಅಥಣಿಗೆ ಬಂದು, ಸಂಜೆ ಮಂಗಸೂಳಿ ಸೇರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಅವರದು.

ಅವರಿಬ್ಬರದು ನಾನು ಹಾಕಿದ ಜೋಡಿಗಳಲ್ಲೆಲ್ಲ ಚೆಂದದ್ದು. ಜಿನ್ನಪ್ಪ ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ, ಹನಿ ನೀರೂ ಬಾಯಿಗೆ ಹಾಕುವವನಲ್ಲ. ಅದು ಅವರ ಮನೆಯ ಪದ್ಧತಿ. ಬೇಸಿಗೆಯಲ್ಲಿ ಅಡ್ಡಿ ಇಲ್ಲ, ಬೆಳಕಿರುವಾಗಲೇ ಮಂಗಸೂಳಿ ಬರುತ್ತಿತ್ತು. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ, ಅದೇ ಹೊತ್ತಿಗೆ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಚಕ್ಕಡಿಗಳು ರಸ್ತೆ ತುಂಬಿ ಬಸ್ಸು ತಡವಾಗುತ್ತಿತ್ತು. ಅಂಥ ದಿನ ತುಕಾರಾಮನೇ ದಾರಿಯಲ್ಲಿ ಒಂದು ಬೇವಿನ ಗಿಡದ ಹತ್ತಿರ ಸಿಂಗಲ್ ಬೆಲ್ ಕೊಟ್ಟು ಬಸ್ಸು ನಿಲ್ಲಿಸುತ್ತಿದ್ದ. ಜಿನ್ನಪ್ಪ ಡಬ್ಬಿ ಬಿಚ್ಚಿ ರೊಟ್ಟಿ ತಿಂದು ಕೈ ತೊಳೆಯುವವರೆಗೆ ಪ್ರಯಾಣಿಕರನ್ನು ಮಾತಿನಲ್ಲಿ ಕೂರಿಸುವುದು ತುಕಾರಾಮನ ಕೆಲಸ. ಪ್ರತಿಯಾಗಿ ಜಿನ್ನಪ್ಪ ಒಂದು ಉಪಕಾರ ಮಾಡುತ್ತಿದ್ದ. ಆಗ ಟಿಕೆಟ್ ದರ ಬದಲಾಗುವ ಒಂದೊಂದು ಸ್ಟೇಜ್ ಬರುವುದರೊಳಗೆ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟಿರಬೇಕು. ಸ್ಟೇಜ್ ದಾಟಿದ ಮೇಲೆ ಟಿಕೆಟ್ ಇಲ್ಲದವನು ಚೆಕಿಂಗ್‌ನವರಿಗೆ ಸಿಕ್ಕರೆ ಕಂಡಕ್ಟರನ ಮೇಲೆ ಕೇಸು. ಗದ್ದಲ ಇದ್ದರೆ ಜಿನ್ನಪ್ಪ ಕನ್ನಡಿಯಲ್ಲಿ ನೋಡಿ, ಬೆಲ್ಲಿಗೂ ಕಾಯದೆ, ಸ್ಟೇಜಿನ ಈಚೆ ಬಸ್ಸು ನಿಧಾನ ಮಾಡುತ್ತಿದ್ದ. ಇವನ ಊಟ ಅವನು ಕಾಯುತ್ತಿದ್ದ, ಅವನ ನೌಕರಿ ಇವನು ಕಾಯುತ್ತಿದ್ದ.

ಇಂಥ ಜೋಡಿ ಒಂದು ಶನಿವಾರ ಕೆಟ್ಟಿತು. ಮರುದಿನ ಭಾನುವಾರ, ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೋಗುವವರಿಂದ ಬಸ್ಸು ತುಂಬಿತ್ತು. ಜಿನ್ನಪ್ಪ ಬೇವಿನ ಗಿಡದ ಹತ್ತಿರ ತನ್ನ ಸೀಟಿನಲ್ಲೇ ಕುಳಿತು ಡಬ್ಬಿ ಬಿಚ್ಚಿದ್ದ. ಅರ್ಧ ರೊಟ್ಟಿ ಆಗಿತ್ತು, ಡಬಲ್ ಬೆಲ್ ಹೊಡೆಯಿತು. ಡಬಲ್ ಬೆಲ್ ಎಂದರೆ ಹೊರಡು ಎಂದರ್ಥ, ಕಂಡಕ್ಟರನ ಆಜ್ಞೆ. ಬೇರೆ ಡ್ರೈವರ್ ಆಗಿದ್ದರೆ 'ನಿಂದ್ರಲೇ' ಎಂದು ಬೈದು ಊಟ ಮುಗಿಸುತ್ತಿದ್ದ. ಜಿನ್ನಪ್ಪ ಹಾಗಲ್ಲ. ಡಬ್ಬಿ ಮುಚ್ಚಿದ, ಕೈ ತೊಳೆದ, ಬಸ್ಸು ಬಿಟ್ಟ. ಮಂಗಸೂಳಿ ಬರುವುದರೊಳಗೆ ಕತ್ತಲಾಗಿತ್ತು. ಇಳಿದವನೇ ಪ್ರಯಾಣಿಕರ ಎದುರಿಗೇ ಅಂದ: "ಉಣ್ಣಾವನ ಹೊಟ್ಟಿ ಮ್ಯಾಲ ಹೊಡದೆಲ್ಲೋ ತುಕಾರಾಮ. ನಿನಗ ಒಳ್ಳೇದಾಗಂಗಿಲ್ಲ."

ತುಕಾರಾಮ ಮುಖ ತಿರುಗಿಸಿ, ಮಂದಿಯ ಗಂಟು ಇಳಿಸಲು ಏಣಿ ಹತ್ತಿದ. ಅಂದಿನಿಂದ ಇಬ್ಬರ ನಡುವೆ ಮಾತು ಬಂದಾಯಿತು.

ಮಾತಿಲ್ಲದೆ ಬಸ್ಸು ಹೇಗೆ ಓಡುತ್ತದೆ ಎಂದು ನೀವು ಕೇಳಬಹುದು. ಬೆಲ್ ಇದೆಯಲ್ಲ! ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ನಡೆ. ಸಂಸಾರ ಅಷ್ಟರಲ್ಲೇ ನಡೆಯಿತು. ಮಂಗಸೂಳಿಯಲ್ಲಿ ಬೆಳಿಗ್ಗೆ ಜಿನ್ನಪ್ಪನನ್ನು ಎಬ್ಬಿಸಬೇಕಾದರೂ ತುಕಾರಾಮ ಹಿಂದಿನ ಸೀಟಿನಿಂದ ಬೆಲ್ ಹೊಡೆಯುತ್ತಿದ್ದ. ಅಲ್ಲಿಯ ಚಹಾದಂಗಡಿಯವನು ನನಗೆ ಸಿಕ್ಕಾಗ ಗೋಳಾಡಿದ: "ಗುರುಪಾದಣ್ಣಾ, ಇವರಿಬ್ಬರ ನಡುವ ನಾ ಟಪಾಲ್ ಮನಿಶ್ಯಾ ಆಗೀನ್ನೋಡ್ರಿ. ಡ್ರೈವರಗ ಹೇಳು ಟೈಮ್ ಆತು ಅಂತಾನ ಇಂವ. ಕಂಡಕ್ಟರಗ ಹೇಳು ನನಗ ಗಡಿಯಾರ ಐತಿ ಅಂತಾನ ಅಂವ. ಇಬ್ರೂ ಒಂದ ಕಟ್ಟಗಿ ಬಾಕಿನ ಮ್ಯಾಲ ಕುಂತಿರ್ತಾರ!"

ನಾನು ನಕ್ಕೆ. ನಗಬಾರದಿತ್ತು, ಯಾಕೆಂದರೆ ಅಷ್ಟರಲ್ಲಿ ವಿಷಯ ನಗುವುದನ್ನು ದಾಟಿತ್ತು. ಜಿನ್ನಪ್ಪ ಸ್ಟೇಜಿನ ಈಚೆ ನಿಧಾನ ಮಾಡುವುದನ್ನು ಬಿಟ್ಟಿದ್ದ. ಸತ್ತಿಯಿಂದ ಅಥಣಿಗೆ ಬರುವಾಗ ಒಂದು ಸಂತೆ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸ್ಟೇಜ್ ದಾಟಿದ ಕೂಡಲೇ ಚೆಕಿಂಗ್‌ನವರು ಅಡ್ಡ ನಿಂತು ಕೈ ಮಾಡಿದರು. ಹಿಂದಿನ ಬಾಗಿಲ ಹತ್ತಿರ ನಾಲ್ಕೈದು ಮಂದಿಗೆ ಟಿಕೆಟ್ ಆಗಿರಲಿಲ್ಲ. ತುಕಾರಾಮನ ಮೇಲೆ ಕೇಸು ಬರೆದುಕೊಂಡು ಹೋದರು.

ತುಕಾರಾಮನಿಗೆ ಹಿಂದೆ ಒಂದು ಕೇಸಿನಲ್ಲಿ ಕೊನೆಯ ಎಚ್ಚರಿಕೆ ಆಗಿತ್ತು. ಮ್ಯಾನೇಜರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

"ಮುಂದಿನ ವಾರ ಡಿವಿಜನ್ನಿಂದ ವಿಚಾರಣೆಗೆ ಬರ್ತಾರೆ. ಈ ಸಲ ಕೆಲಸದಿಂದ ತೆಗೆದೇ ತೆಗೀತಾರೆ. ಸ್ಟೇಜಿಗೆ ಮೊದಲೇ ಬೆಲ್ ಕೊಟ್ಟಿದ್ದೆ, ಡ್ರೈವರ್ ನಿಲ್ಲಿಸಲಿಲ್ಲ ಅಂತ ತುಕಾರಾಮ ಹೇಳ್ತಾನೆ. ಡ್ರೈವರ್ ಬೆಲ್ಲೇ ಕೇಳಿಸಲಿಲ್ಲ ಅಂತಾನೆ. ಡ್ರೈವರ್ ಕೇಳಿಸ್ತು ಅಂತ ಒಂದು ಮಾತು ಹೇಳಿದ್ರೆ ಇವನು ಉಳೀತಾನೆ. ನೋಡ್ರೀ, ನಿಮ್ಮ ಕೈಲೇನಾದ್ರೂ ಆಗುತ್ತಾ."

ಮೊದಲು ಜಿನ್ನಪ್ಪನನ್ನು ಕರೆದೆ. ಒಬ್ಬನನ್ನೇ, ಊಟ ಆದ ಮೇಲೆ, ಗ್ಯಾರೇಜಿನ ಹಿಂದೆ. ಪಾನಾದ ಪಾಠ ಇಷ್ಟಾದರೂ ನೆನಪಿತ್ತು.

"ಜಿನ್ನಪ್ಪಾ, ಖರೇನ ಹೇಳು. ಬೆಲ್ ಕೇಳಲಿಲ್ಲೇನು?"

"ಎಂಜಿನ್ ಸಪ್ಪಳದಾಗ ಕೇಳಲಿಲ್ರಿ."

"ಅರ್ಧಾ ರೊಟ್ಟಿ ತಿನ್ನೂವಾಗ ಕೇಳಿತ್ತಲ್ಲ?"

ಅವನ ಮುಖ ಕೆಂಪಾಯಿತು. "ಅದನ್ನ ತಗೀಬ್ಯಾಡ್ರಿ ಅಣ್ಣಾ. ಉಪಾಸ ನನಗ ದೊಡ್ಡದಲ್ಲ, ಪರ್ವಕ್ಕ ಮಾಡ್ತೀನಿ. ಆದ್ರ ಅದು ನಾ ಮಾಡಿದ ಉಪಾಸಲ್ಲ, ಅಂವ ಹಾಕಿದ ಉಪಾಸ. ಮನಿಯಂವ ಅನ್ಕೊಂಡಿದ್ದೆ ನಾ ಅವನ್ನ."

ತುಕಾರಾಮನನ್ನು ಕರೆದು ಕೇಳಿದೆ: "ಅಷ್ಟ ಗಡಿಬಿಡಿ ಏನಿತ್ತೋ? ಹತ್ತ ಮಿನಿಟ್ ತಡೀಬಾರದಿತ್ತೇನು? ಆ ಬೆಲ್ ಯಾಕ ಹೊಡದಿ?"

ಆತನ ಕಣ್ಣು ತುಂಬಿ ಬಂದವು. "ನೀವೂ ಹಂಗ ಕೇಳ್ತೀರಿ ಅಂದಮ್ಯಾಲ ಮುಗೀತ್ರಿ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ನನಗೆ ಸಿಟ್ಟೇ ಬಂತು. ಸಹಾಯ ಮಾಡಲು ಬಂದವನ ಮೇಲೆಯೇ ಮುನಿಸು! ನೌಕರಿ ಹೋಗುವುದು ಇವನದೋ ನನ್ನದೋ ಎಂದು ಗೊಣಗಿಕೊಂಡೆ.

ಮನೆಗೆ ಹೋದರೂ ಆ ಮಾತು ಬಿಡಲಿಲ್ಲ. 'ನೀವೂ ಹಾಗೆ ಕೇಳುತ್ತೀರಿ' ಎಂದನಲ್ಲ, ಹೇಗೆ ಕೇಳಿದೆ ನಾನು? ಮರುದಿನ ಏನೂ ಯೋಜನೆ ಇಲ್ಲದೆ, ಕಿಟಕಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮಂಗಸೂಳಿ ವಸ್ತಿ ಬಸ್ಸು ಹತ್ತಿದೆ. ಇಬ್ಬರೂ ಕಣ್ಣರಳಿಸಿ ನೋಡಿದರು. "ಮಲ್ಲಯ್ಯಗ ಹೊಂಟೀನಿ" ಎಂದೆ. ಮತ್ತೆ ಶನಿವಾರವೇ ಆಗಿದ್ದರಿಂದ ಇಬ್ಬರೂ ಅರ್ಧ ನಂಬಿದರು.

ಅಥಣಿ ಬಿಡುವಾಗಲೇ ತಡವಾಗಿತ್ತು. ಊರು ದಾಟಿದರೆ ಚಕ್ಕಡಿಗಳ ಸಾಲು. ಎತ್ತುಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು, ಅವುಗಳ ಹಿಂದೆ ನಾವು. ಪಡುವಣ ಕೆಂಪಾಗತೊಡಗಿತ್ತು. ನಾನು ಎದ್ದು ಮುಂದೆ ಹೋಗಿ ಜಿನ್ನಪ್ಪನನ್ನು ಕೇಳಿದೆ:

"ಊಟ ಆತೇನು?"

"ಇನ್ನ ಮುಂಜಾನೆ ಉಂಡ್ರ ಆತ್ರಿ."

"ಡಬ್ಬಿ ತಂದಿಯೋ ಇಲ್ಲೋ?"

"ಮನ್ಯಾಗ ಕೊಡ್ತಾರ್ರಿ. ತರ್ತೀನಿ, ಹಂಗ ತಿರಗಿ ಒಯ್ತೀನಿ."

ಆ ಶನಿವಾರದಿಂದ ತಡವಾದ ದಿನಗಳಲ್ಲೆಲ್ಲ ಅವನು ಉಪವಾಸವೇ ಇರುತ್ತಿದ್ದ ಎಂದು ಆಗ ತಿಳಿಯಿತು. ನಿಲ್ಲಿಸು ಎಂದು ತುಕಾರಾಮ ಬೆಲ್ ಕೊಡುವುದಿಲ್ಲ, ನಿಲ್ಲಿಸಲೇ ಎಂದು ಇವನು ಕೇಳುವುದಿಲ್ಲ. "ನಿಲ್ಲಸು, ಜಿಮ್ಮೇದಾರಿ ನಂದು" ಎಂದೆ. ಬೇವಿನ ಗಿಡದ ಹತ್ತಿರ ಬಸ್ಸು ನಿಂತಿತು. ಅವನು ಸೀಟಿನಲ್ಲೇ ಡಬ್ಬಿ ಬಿಚ್ಚಲು ಹೋದ. ನನಗೆ ಸೊಂಟ ಹಿಡಿದಿತ್ತು. "ಕೆಳಗ ಬಾರಪ್ಪಾ, ಗಾಳಿಗಿ ಕುಂತ ಉಣ್ಣು, ನಾನೂ ಕಾಲ ಚಾಚತೀನಿ" ಎಂದು ಇಳಿಸಿದೆ. ರಸ್ತೆಯ ಆಚೆ ಗಿಡದ ಬುಡಕ್ಕೆ ಹೋಗಿ ಕುಳಿತೆವು. ಅಲ್ಲಿಂದ ಇಡೀ ಬಸ್ಸು ಕಾಣುತ್ತಿತ್ತು.

ಬಸ್ಸು ನಿಂತದ್ದನ್ನು ಕಂಡು ತೋಟದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಬದನೆಕಾಯಿ ಬುಟ್ಟಿಗಳನ್ನು ಹೊತ್ತು ಓಡೋಡಿ ಬಂದರು. ತುಕಾರಾಮ ಬುಟ್ಟಿಗಳನ್ನು ಒಂದೊಂದಾಗಿ ಇಸಿದುಕೊಂಡು ಹಿಂದಿನ ಏಣಿ ಹತ್ತಿ ಬಸ್ಸಿನ ನೆತ್ತಿಯ ಮೇಲೆ ಕಟ್ಟತೊಡಗಿದ. ಜಿನ್ನಪ್ಪ ರೊಟ್ಟಿ ಮುರಿದು ಝುಣಕದಲ್ಲಿ ಅದ್ದಿದ. ಒಂದು ತುತ್ತು ಬಾಯಿಗೆ ಹೋಗಿತ್ತು, ಎರಡನೆಯದು ಕೈಯಲ್ಲಿತ್ತು.

ಟಿಣ್ ಟಿಣ್. ಡಬಲ್ ಬೆಲ್.

ಜಿನ್ನಪ್ಪ ಹಾವು ಕಂಡವನಂತೆ ಎದ್ದು ನಿಂತ. ಕೈಯಲ್ಲಿ ತುತ್ತು, ಕಣ್ಣಲ್ಲಿ ಬೆಂಕಿ. ಬಸ್ಸಿನ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಕಂಡಕ್ಟರ್ ಇಲ್ಲ. ಕಿಟಕಿಗಳಲ್ಲಿ ನೋಡಿದ. ಅಲ್ಲೂ ಇಲ್ಲ. ಕತ್ತು ಮೇಲೆತ್ತಿದ. ತುಕಾರಾಮ ಬಸ್ಸಿನ ನೆತ್ತಿಯ ಮೇಲೆ ಎರಡೂ ಕೈಯಲ್ಲಿ ಬುಟ್ಟಿ ಹಿಡಿದುಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ನಿಂತಿದ್ದ.

ನಾನು ಓಡಿ ಬಸ್ಸಿನೊಳಗೆ ಇಣುಕಿದೆ. ನಡುವೆ ಹಿಡಿದುಕೊಳ್ಳಲು ಇದ್ದ ಪೈಪು ಎಂದೋ ಮುರಿದು ಹೋಗಿತ್ತು, ಗ್ಯಾರೇಜಿನವರು ಸರಿಮಾಡಿರಲಿಲ್ಲ. ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡ ಎತ್ತರದ ಮನುಷ್ಯನೊಬ್ಬ ಆಸರೆಗೆಂದು ಬೆಲ್ಲಿನ ಹಗ್ಗಕ್ಕೇ ಜೋತುಬಿದ್ದು ಪಕ್ಕದವನ ಜೊತೆ ಹರಟುತ್ತಿದ್ದ. ನಕ್ಕಾಗ ಅವನ ಮೈ ಕುಲುಕುತ್ತಿತ್ತು, ಮೈ ಕುಲುಕಿದಾಗ ಹಗ್ಗ ಜಗ್ಗುತ್ತಿತ್ತು. ಟಿಣ್ ಟಿಣ್ ಎಂದು ಇನ್ನೊಮ್ಮೆ ಹೊಡೆಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಹೊರಗೆ ಜಿನ್ನಪ್ಪ ಇನ್ನೂ ಮೇಲೆಯೇ ನೋಡುತ್ತಿದ್ದ. ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ಆ ಹೆಸರು ಬಂತು.

"ತುಕಾರಾಮ."

ತುಕಾರಾಮ ಬಾಯಲ್ಲಿದ್ದ ದಾರ ತೆಗೆದ. "ಏನು?"

"ಬೆಲ್ ಯಾರ ಹೊಡದ್ರು?"

"ನನಗೇನ ಗೊತ್ತು? ನಾ ಇಲ್ಲಿ ಮ್ಯಾಲ ಅದೀನಿ."

"ಅವತ್ತ?"

ತುಕಾರಾಮ ಬುಟ್ಟಿ ಕೆಳಗಿಟ್ಟ. "ಅವತ್ತೂ ಮ್ಯಾಲ ಇದ್ದೆ. ದೇವರಿಗಿ ಹೊಂಟವರ ಗಂಟ ಕಟ್ಟಾಕತ್ತಿದ್ದೆ. ನೀ ಗಾಡಿ ಬಿಟ್ಟಿ. ಏಣಿ ಹಿಡಕೊಂಡ ಜೋತಾಡ್ಕೋತ ಬಂದ ಒಳಗ ಹಾರಿದೆ."

"ಮತ್ತ ಹೇಳಬಾರದೇನೋ!"

"ನೀ ಕೇಳಿದೇನು?" ತುಕಾರಾಮ ನೆತ್ತಿಯ ಅಂಚಿಗೆ ಬಂದ. "ಹೊಟ್ಟಿ ಮ್ಯಾಲ ಹೊಡದಿ ಅಂದಿ, ಮಂದಿ ಮುಂದ. ಇಷ್ಟ ವರ್ಷ ನಿನ್ನ ಊಟಾ ಕಾದೀನಿ. ಮೀ ಕಾಯ ಕೆಲಂ ರೇ? ನಾ ಏನ ಮಾಡಿದ್ದೆ? ನಾ ಹೊಡದಿಲ್ಲಂತ ನಿನಗ ಗೊತ್ತಾಗಬೇಕಿತ್ತು. ನಾ ಯಾಕ ಹೇಳ್ಲಿ?"

ನಾನು ಅಲ್ಲೇ ನಿಂತಿದ್ದೆ. ಆ ಮಾತು ಜಿನ್ನಪ್ಪನಿಗೆ ಆಡಿದ್ದು, ತಾಗಿದ್ದು ನನಗೂ. ಯಾಕೆ ಹೊಡೆದೆ ಎಂದು ಕೇಳಿದ್ದೆನೇ ಹೊರತು ಹೊಡೆದೆಯಾ ಎಂದು ನಾನೂ ಕೇಳಿರಲಿಲ್ಲ. ಹೊಸದಾಗಿ ಈ ಕುರ್ಚಿಗೆ ಬರುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಜಿನ್ನಪ್ಪ ಕೈಯಲ್ಲಿದ್ದ ತುತ್ತನ್ನು ನೋಡಿದ, ಪಡುವಣ ದಿಕ್ಕನ್ನು ನೋಡಿದ. ಸೂರ್ಯ ಕಬ್ಬಿನ ಮೇಲೆ ಒಂದು ಗೇಣಿನಷ್ಟು ಉಳಿದಿದ್ದ.

"ಕೆಳಗ ಇಳಿ" ಎಂದ.

"ಬುಟ್ಟಿ ಕಟ್ಟೂದೈತಿ."

"ಇಳಿಯೋ ಮಾರಾಯಾ! ಹೊತ್ತ ಮುಳಗಾಕತ್ತೈತಿ. ಎರಡ ತುತ್ತ ತಿನ್ನು ಬಾ. ನೀ ತಿನ್ನದ ನನಗ ಇಳಿಯಂಗಿಲ್ಲ."

ತುಕಾರಾಮ ಇಳಿದು ಬಂದ. ಗಿಡದ ಬುಡದಲ್ಲಿ ಒಂದೇ ಡಬ್ಬಿಯಲ್ಲಿ ಇಬ್ಬರೂ ಕೈ ಹಾಕಿದರು. ಒಳಗಿನವರು ಹೊರಡ್ರಿ ಹೊರಡ್ರಿ ಎಂದು ಕೂಗಿದರು. ನಾನು ಬಸ್ಸಿನೊಳಗೆ ಹೋಗಿ ಹಗ್ಗವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತೆ. ಭಂಡಾರದ ಮನುಷ್ಯ, "ಸಾಹೇಬ್ರ, ನಾ ಎಲ್ಲಿ ಹಿಡಕೊಳ್ಳಲಿ?" ಎಂದ. "ನನ್ನ ಹೆಗಲ ಹಿಡಕೋ" ಎಂದೆ. ಪುಣ್ಯಾತ್ಮ ಮಂಗಸೂಳಿಯವರೆಗೂ ಬಿಡಲಿಲ್ಲ.

ಡಿಪೋಕ್ಕೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಆ ಪೈಪು ಹಾಕಿಸಿದ್ದು. ದಸ್ತಗೀರ ಪಾನಾ ಹಿಡಿದ, ಶಿವಪ್ಪ ಪೈಪು ಹಿಡಿದ.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ವಿಚಾರಣೆ ಹಾಗೇ ಇತ್ತು. ಇಬ್ಬರೂ ಮಾತಾಡತೊಡಗಿದರು ಎಂಬುದರಿಂದ ಕೇಸು ಹೋಗುವುದಿಲ್ಲ. ಜಿನ್ನಪ್ಪ ಸತ್ಯ ಹೇಳಿದರೆ ಬೆಲ್ ಕೇಳಿಯೂ ನಿಲ್ಲಿಸದ ತಪ್ಪು ಅವನ ತಲೆಗೆ ಬರುತ್ತದೆ. ಡ್ರೈವರನಿಗೆ ಅದು ಸಣ್ಣ ಮಾತಲ್ಲ. ಅವನಿಗೆ ನಾನು ಹೀಗೆ ಹೇಳು ಎಂದು ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ ಎಂದರೂ ಸರಿಯೇ. "ನಾಳಿಗಿ ವಿಚಾರಣಿ ಐತಿ, ಹೊತ್ತಿಗಿ ಸರಿಯಾಗಿ ಬಾ" ಎಂದಷ್ಟೇ ಅಂದೆ.

ಮ್ಯಾನೇಜರ ಕೋಣೆಯಲ್ಲಿ ಡಿವಿಜನ್ನಿನ ಅಧಿಕಾರಿ ಕುಳಿತಿದ್ದರು. ದಪ್ಪ ಕನ್ನಡಕ, ನಗು ಎಂಬುದು ಆ ಮುಖಕ್ಕೆ ಅಭ್ಯಾಸ ಇರಲಿಲ್ಲ. ಜಿನ್ನಪ್ಪ, ತುಕಾರಾಮ ಪಕ್ಕಪಕ್ಕಕ್ಕೆ ನಿಂತರು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿದೆ.

ಅಧಿಕಾರಿ ಕೇಳಿದರು: "ಡ್ರೈವರ್, ಸ್ಟೇಜಿಗೆ ಮೊದಲು ಕಂಡಕ್ಟರ್ ಬೆಲ್ ಕೊಟ್ಟಿದ್ದು ಕೇಳಿಸಿತೋ ಇಲ್ಲವೋ?"

ಜಿನ್ನಪ್ಪ ತಲೆ ಎತ್ತಿದ. "ಕೇಳಿತ್ರಿ ಸಾಹೇಬ್ರ. ಸ್ವಚ್ಛ ಕೇಳಿತ್ರಿ. ಅವನ ಮ್ಯಾಲಿನ ಸಿಟ್ಟಿಗಿ ನಾ ನಿಲ್ಲಸಲಿಲ್ಲ. ತಪ್ಪ ನಂದು."

ಮ್ಯಾನೇಜರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಷ್ಟರಲ್ಲಿ ತುಕಾರಾಮ ಬಾಯಿ ಬಿಟ್ಟ.

"ಇಲ್ರಿ ಸಾಹೇಬ್ರ. ನಾ ಬೆಲ್ ಹೊಡದ ಇಲ್ರಿ. ಟಿಕೀಟ ಕೊಡೂ ಗದ್ಲದಾಗ ಮರತಿದ್ದೆ. ಅವಂದೇನೂ ತಪ್ಪಿಲ್ರಿ."

ಮುಂಚೆ ಹೊಡೆದೆ ಎಂದು ಒಂದೇ ಸಮನೆ ಹೇಳುತ್ತಿದ್ದವನು ಈಗ, ನೌಕರಿ ಉಳಿಯುವ ಗಳಿಗೆಯಲ್ಲಿ, ಹೊಡೆದೇ ಇಲ್ಲ ಎನ್ನುತ್ತಿದ್ದ! ಮುಪ್ಪಿನ ತಾಯಿ, ಹೆಂಡತಿ ಮಕ್ಕಳು, ತಂಗಿ ಎಲ್ಲರೂ ನನ್ನ ಕಣ್ಣ ಮುಂದೆ ಬಂದು ನಿಂತರು.

ಜಿನ್ನಪ್ಪ ಗರ್ರನೆ ತಿರುಗಿದ. "ಸುಳ್ಳ ಹೇಳಾಕತ್ತಾನ್ರಿ ಸಾಹೇಬ್ರ ಇಂವ! ನನಗ ದಂಡ ಆಗತೈತಂತ ಸುಳ್ಳ ಹೇಳಾಕತ್ತಾನ. ನನಗ ಹೊಲ ಐತಿ, ಇವಗ ಏನೈತಿ? ಲೇ, ಸುಮ್ನ ನಿಂದ್ರಲೇ!"

"ನೀ ಸುಮ್ನ ನಿಂದ್ರು!"

ಅಧಿಕಾರಿ ಮೇಜು ಬಡಿದರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಇಬ್ಬರನ್ನೂ ದಿಟ್ಟಿಸಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಇಷ್ಟು ವರ್ಷ ವಿಚಾರಣೆ ಮಾಡಿದ್ದೇನೆ. ತಪ್ಪು ನನ್ನದು ಎಂದು ಒಬ್ಬನೂ ಹೇಳಿದ್ದು ಕೇಳಿಲ್ಲ. ನಿಮ್ಮಲ್ಲಿ ಇಬ್ಬರು ಅದಕ್ಕೆ ಜಗಳ ಆಡುತ್ತಿದ್ದಾರೆ" ಎಂದರು. ನಕ್ಕರೋ ಕೆಮ್ಮಿದರೋ ನನಗೆ ಇಂದಿಗೂ ತಿಳಿದಿಲ್ಲ.

ಬೆಲ್ ಹೊಡೆದದ್ದು ನಿಜ ಎಂದು ಬಸ್ಸಿನಲ್ಲಿದ್ದ ಒಬ್ಬಿಬ್ಬರು ಚೆಕಿಂಗ್‌ನವರ ಎದುರಿಗೇ ಹೇಳಿದ್ದರು, ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಡ್ರೈವರನೇ ಒಪ್ಪಿದ ಮೇಲೆ ಅದಕ್ಕೆ ಬೆಲೆ ಬಂತು. ತುಕಾರಾಮನ ನೌಕರಿ ಉಳಿಯಿತು. ಜಿನ್ನಪ್ಪನಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಹೋದರೆ ಹೋಯಿತು ಎಂದು ಹೆಗಲ ಮೇಲಿನ ಟವಲು ಝಾಡಿಸಿಕೊಂಡು ಹೊರಗೆ ಬಂದ.

ನಾನು ಒಳಗೆ ಕುಳಿತು ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಹೊರಗಿನಿಂದ ದೊಡ್ಡ ಗದ್ದಲ ಕೇಳಿತು. ಕಿಟಕಿಯಿಂದ ನೋಡಿದರೆ ಬಸ್ಸಿನ ಎದುರು ಇಬ್ಬರೂ ಕೈ ಮಾಡಿ ಮಾಡಿ ಒದರಾಡುತ್ತಿದ್ದರು. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ಮರಾಠಿಯಲ್ಲಿ. ಸುಳ್ಳು ಯಾಕೆ ಹೇಳಿದೆ ಎಂದು ಇವನು, 'ತುಲಾ ಕಾಯ ಕರಾಯಚಂ, ನಿನಗೇನ ಮಾಡೂದೈತಿ' ಎಂದು ಅವನು. ಬಸ್ಸು ಹೊರಡುವ ಹೊತ್ತು ಮೀರಿತ್ತು, ಸತ್ತಿಗೆ ಹೋಗುವವರು ಕಿಟಕಿಗಳಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

ಮ್ಯಾನೇಜರು ಗಾಬರಿಯಾದರು. "ಅಯ್ಯೋ, ಮತ್ತೆ ಶುರುವಾಯ್ತಲ್ರೀ! ಹೋಗಿ, ಹೋಗಿ ಬಿಡಿಸ್ರೀ ಗುರುಪಾದಪ್ಪನವರೇ."

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಅಷ್ಟು ವರ್ಷದ ಸರ್ವೀಸಿನಲ್ಲಿ ಜಗಳ ನೋಡಿ ಸಂತೋಷಪಟ್ಟದ್ದು ಅದೊಂದೇ ಸಲ.

"ಇರಲಿ ಬಿಡ್ರಿ ಸಾಹೇಬ್ರ" ಎಂದೆ. "ಮಾತಾಡಾಕತ್ತಾರ."